ಹಳೆ ಸೈನ್ಸ್ ಬ್ಲಾಕ್: ರಿಪೇರಿಯೋ, ನವೀಕರಣವೋ, ಕೆಡವಿ ಕಟ್ಟೋದೋ?

ಕಟ್ಟಡ ಸಮಿತಿಯಲ್ಲಿ ಕೂರುವ ಮೇಷ್ಟ್ರುಗಳು, ವಿಭಾಗದ ಮುಖ್ಯಸ್ಥರು, ಹಳೆ ವಿದ್ಯಾರ್ಥಿಗಳ ಸಂಘದವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಸೈನ್ಸ್ ಬ್ಲಾಕ್ ಸೋರುತ್ತಿದೆ. ಕೆಮಿಸ್ಟ್ರಿ ಲ್ಯಾಬಿನಲ್ಲಿ ಗಾಳಿ ಆಡುವುದಿಲ್ಲ. ಎರಡು ಓವನ್ ಒಟ್ಟಿಗೆ ಹಾಕಿದರೆ ಕರೆಂಟ್ ಟ್ರಿಪ್ ಆಗುತ್ತದೆ. ಎಲ್ಲಿಂದಲೋ ಒಂದಿಷ್ಟು ದುಡ್ಡು ಬರುವ ಹಾಗಿದೆ. ಈಗ ಏನು ಮಾಡೋಣ?

ದಾರಿಗಳು ನಾಲ್ಕು. ಸೋರಿಕೆ ನಿಲ್ಲಿಸಿ, ವೈರಿಂಗ್ ಬದಲಿಸಿ, ಬಣ್ಣ ಹೊಡೆದು ಮುಗಿಸುವುದು ಒಂದು. ಕಟ್ಟಡವನ್ನು ಉಳಿಸಿಕೊಂಡು ಒಳಗಿನದ್ದನ್ನೆಲ್ಲ ಹೊಸದು ಮಾಡುವುದು ಎರಡನೆಯದು. ಕೆಡವಿ ಮತ್ತೆ ಕಟ್ಟುವುದು ಮೂರನೆಯದು. ಪಕ್ಕದಲ್ಲಿ ಸಣ್ಣದೊಂದು ಹೊಸ ಲ್ಯಾಬ್ ಬ್ಲಾಕ್ ಕಟ್ಟಿ, ಹಳೆಯದನ್ನು ಹಗುರವಾದ ಕೆಲಸಕ್ಕೆ ಇಟ್ಟುಕೊಳ್ಳುವುದು ನಾಲ್ಕನೆಯದು. ಮೀಟಿಂಗಿನಲ್ಲಿ ನಾಲ್ಕಕ್ಕೂ ವಕೀಲರಿರುತ್ತಾರೆ. ಹಣಕಾಸು ಅಧಿಕಾರಿಗೆ ಬಣ್ಣ ಇಷ್ಟ, ಕಂಟ್ರಾಕ್ಟರಿಗೆ ಹೊಸ ಕಟ್ಟಡ ಇಷ್ಟ, ಹಳೆ ವಿದ್ಯಾರ್ಥಿಗಳಿಗೆ ಒಂದು ಕಲ್ಲೂ ಅಲುಗಬಾರದು. ಕೆಲಸ ನಡೆಯುವಾಗ ಮಕ್ಕಳು ಪ್ರಾಕ್ಟಿಕಲ್ ಎಲ್ಲಿ ಮಾಡುತ್ತಾರೆ ಅಂತ ಮಾತ್ರ ಯಾರೂ ಕೇಳುವುದಿಲ್ಲ. ನನ್ನ ಮಟ್ಟಿಗೆ ಅರ್ಧ ತೀರ್ಮಾನ ಆ ಪ್ರಶ್ನೆಯಲ್ಲೇ ಇದೆ.

ಕಟ್ಟಡ ಯಾವ ಕಾಲದ್ದು?

ನಮ್ಮ ರಾಜ್ಯದ ಹಳೆ ವಿಜ್ಞಾನ ಕಟ್ಟಡಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು, ಸ್ವಾತಂತ್ರ್ಯಕ್ಕೆ ಮುಂಚಿನ ಕಲ್ಲು, ಇಟ್ಟಿಗೆ, ಸುಣ್ಣದ ಗಾರೆಯ ಕಟ್ಟಡ. ಬೆಂಗಳೂರಿನ ಸೆಂಟ್ರಲ್ ಕಾಲೇಜು, ಮೈಸೂರಿನ ಯುವರಾಜ ಕಾಲೇಜು, ಧಾರವಾಡದ ಕರ್ನಾಟಕ ಕಾಲೇಜನ್ನು ನೆನಪಿಸಿಕೊಳ್ಳಿ. ಇನ್ನೊಂದು, ವಿಶ್ವವಿದ್ಯಾಲಯಗಳು ಊರಾಚೆ ಕ್ಯಾಂಪಸ್ ಮಾಡಿಕೊಂಡ ಕಾಲದ ಆರ್‌ಸಿಸಿ, ಅಂದರೆ ಒಳಗೆ ಕಬ್ಬಿಣದ ಕಂಬಿ ಇರುವ ಕಾಂಕ್ರೀಟಿನ ಬ್ಲಾಕು. ಮಾನಸಗಂಗೋತ್ರಿ ಶುರುವಾಗಿದ್ದು 1960ರಲ್ಲಿ. ಬೆಂಗಳೂರು ವಿಶ್ವವಿದ್ಯಾಲಯ ಜ್ಞಾನಭಾರತಿಗೆ ಹೋಗಿದ್ದು 1973ರಲ್ಲಿ.

ಸುಣ್ಣದ ಕಟ್ಟಡದಲ್ಲಿ ಗೋಡೆಯೇ ಭಾರ ಹೊರುತ್ತದೆ. ಎಷ್ಟೋ ಕಡೆ ಮೇಲೆ ಮದ್ರಾಸ್ ತಾರಸಿ ಇರುತ್ತದೆ: ತೇಗದ ಜಂತಿ, ಅದರ ಮೇಲೆ ಸುಣ್ಣದಲ್ಲಿ ಕೂರಿಸಿದ ಇಟ್ಟಿಗೆ. ಇದಕ್ಕೆ ನೀರೇ ವೈರಿ. ತಾರಸಿಯ ನೀರು ಹೋಗುವ ದೋಣಿ ಕಟ್ಟಿಕೊಂಡರೆ, ಗೋಡೆಯಲ್ಲಿ ಅರಳಿ ಗಿಡ ಬೇರು ಬಿಟ್ಟರೆ, ಜಂತಿಯ ತುದಿ ಗೋಡೆಯೊಳಗೇ ಕೊಳೆಯುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಇಂಥ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಬಳಿದರೆ ಇನ್ನೂ ಕೆಡುತ್ತದೆ. ಸುಣ್ಣದ ಗೋಡೆ ತೇವವನ್ನು ಹೀರಿ ಹೊರಗೆ ಬಿಡುತ್ತಿರಬೇಕು. ಸಿಮೆಂಟ್ ಅದನ್ನು ಒಳಗೇ ಕಟ್ಟಿಹಾಕುತ್ತದೆ.

ಆರ್‌ಸಿಸಿಯ ಕಥೆ ಬೇರೆ. ಅಲ್ಲಿ ಪಿಲ್ಲರ್, ಬೀಮ್ ಭಾರ ಹೊರುತ್ತವೆ, ಮಧ್ಯದ ಗೋಡೆಗಳನ್ನು ಹೆಚ್ಚಿನ ಕಡೆ ತೆಗೆಯಬಹುದು. ಆದರೆ ಒಳಗಿನ ಕಂಬಿ ತುಕ್ಕು ಹಿಡಿಯುತ್ತದೆ. ತುಕ್ಕಾದ ಕಬ್ಬಿಣ ಉಬ್ಬಿ ಕಾಂಕ್ರೀಟನ್ನು ಒಡೆದು ಬೀಳಿಸುತ್ತದೆ. ಲ್ಯಾಬ್ ಸಿಂಕ್ ಮತ್ತು ಟಾಯ್ಲೆಟ್‌ನ ಕೆಳಗಿನ ಸ್ಲ್ಯಾಬ್ ನೋಡಿ, ಅಲ್ಲೇ ಮೊದಲು ಶುರುವಾಗಿರುತ್ತದೆ.

ಇದು ಬರೀ ಮಾತಲ್ಲ. ಮೈಸೂರಿನ ಮಹಾರಾಣಿ ಮಹಿಳಾ ವಿಜ್ಞಾನ ಕಾಲೇಜಿನ ನೂರು ವರ್ಷ ದಾಟಿದ ಕಟ್ಟಡದ ಕೆಮಿಸ್ಟ್ರಿ ಭಾಗ 2022ರ ಅಕ್ಟೋಬರ್‌ನಲ್ಲಿ ಮಳೆಗಾಲದ ಕೊನೆಗೆ ಕುಸಿಯಿತು. ಸೂಚನೆ ಕಂಡು ಮಕ್ಕಳನ್ನು ಮುಂಚೆಯೇ ಹೊರಗೆ ಕಳಿಸಿದ್ದರಿಂದ ಜೀವ ಉಳಿಯಿತು. ಅದೇ ಹಳೆ ಕಟ್ಟಡವನ್ನು ಕೆಡವುವಾಗ, 2025ರ ಜನವರಿಯಲ್ಲಿ, ಒಬ್ಬ ಕಾರ್ಮಿಕ ಅವಶೇಷದಡಿ ಸಿಕ್ಕಿ ತೀರಿಕೊಂಡರು. ಉಳಿಸುವುದು ಅಪಾಯ, ಕೆಡವುವುದು ಸುಲಭ ಅಂತ ಅಂದುಕೊಂಡವರು ಈ ಎರಡನೆಯ ಘಟನೆಯನ್ನೂ ನೆನಪಿಡಬೇಕು.

ಯಾವುದರಲ್ಲಿ ತೂಗಬೇಕು?

ಮೊದಲನೆಯದು ಕಟ್ಟಡದ ತಾಕತ್ತು. ಆರ್‌ಸಿಸಿ ಆದರೆ ಪರೀಕ್ಷೆಗಳು ಗೊತ್ತಿರುವಂಥವೇ. ಬಡಿದು ಗಟ್ಟಿತನ ನೋಡುವ ರೀಬೌಂಡ್ ಹ್ಯಾಮರ್, ಶಬ್ದದ ಅಲೆ ಹಾಯಿಸಿ ನೋಡುವ ಅಲ್ಟ್ರಾಸಾನಿಕ್ ಪರೀಕ್ಷೆ, ಕೆಲವು ಕಡೆ ಕೋರ್ (ಕೊರೆದು ತೆಗೆದ ಕಾಂಕ್ರೀಟ್ ತುಂಡು) ತೆಗೆದು ಒತ್ತಿ ನೋಡುವುದು, ಕಂಬಿ ತುಕ್ಕು ಹಿಡಿಯುತ್ತಿದೆಯಾ ಅಂತ ಹಾಫ್ ಸೆಲ್ ಪರೀಕ್ಷೆ. ಇವುಗಳಲ್ಲಿ ನನಗೆ ಇಷ್ಟವಾದದ್ದು ಅತಿ ಅಗ್ಗದ್ದು. ಆಗಷ್ಟೇ ಒಡೆದ ಕಾಂಕ್ರೀಟಿನ ಮೇಲೆ ಫಿನಾಫ್ತಲೀನ್ ಚಿಮುಕಿಸುತ್ತಾರೆ. ಹೌದು, ಮಕ್ಕಳು ಟೈಟ್ರೇಷನ್‌ಗೆ ಬಳಸುವ ಅದೇ ಬಾಟಲಿ. ಗುಲಾಬಿ ಬಣ್ಣ ಬಂದರೆ ಕಾಂಕ್ರೀಟಿನಲ್ಲಿ ಕ್ಷಾರ ಇನ್ನೂ ಇದೆ, ಕಂಬಿಗೆ ರಕ್ಷಣೆ ಇದೆ. ಬಣ್ಣ ಬರದ ಪದರ ಕಂಬಿಯವರೆಗೂ ಹೋಗಿದ್ದರೆ ಆ ರಕ್ಷಣೆ ಮುಗಿದಿದೆ.

ಸುಣ್ಣದ ಕಟ್ಟಡಕ್ಕೆ ಈ ಪಟ್ಟಿ ಹೆಚ್ಚು ಉಪಯೋಗವಿಲ್ಲ. ಅಲ್ಲಿ ಜಂತಿಯ ತುದಿಗಳನ್ನು ತೆರೆದು ನೋಡಬೇಕು, ಅಡಿಪಾಯದ ಪಕ್ಕ ಅಗೆದು ನೋಡಬೇಕು, ಬಿರುಕಿನ ಮೇಲೆ ಗುರುತು ಹಾಕಿ ಒಂದು ಮಳೆಗಾಲ ಕಾದು ಅದು ಅಗಲವಾಗುತ್ತಿದೆಯಾ ಅಂತ ಅಳೆಯಬೇಕು. ಹಳೆ ಕಟ್ಟಡದಲ್ಲಿ ಕೆಲಸ ಮಾಡಿ ಗೊತ್ತಿರುವ ಇಂಜಿನಿಯರ್ ಬೇಕು. ಬರೀ ಫ್ಲ್ಯಾಟ್ ಕಟ್ಟಿದವರಿಗೆ ಎಲ್ಲ ಹಳೆ ಗೋಡೆಯೂ ಕೆಡವಬೇಕಾದ ಗೋಡೆಯಾಗೇ ಕಾಣುತ್ತದೆ. ಒಟ್ಟಿನಲ್ಲಿ ಈ ಪರೀಕ್ಷೆಗಳ ವರದಿ ಕೈಗೆ ಬರುವ ಮೊದಲು ನಾಲ್ಕು ದಾರಿಗಳ ಬಗ್ಗೆ ಮೀಟಿಂಗ್ ಮಾಡೋದು ಸುಮ್ನೆ ಕಾಲಹರಣ. ಇಡೀ ಯೋಜನೆಯ ಖರ್ಚಿನ ಮುಂದೆ ವರದಿಯ ಖರ್ಚು ಏನೇನೂ ಅಲ್ಲ.

ಎರಡನೆಯದು ಗಾಳಿ. ವಿಜ್ಞಾನ ಕಟ್ಟಡ ಬೇರೆ ಕಟ್ಟಡಗಳಿಂದ ಬೇರೆಯಾಗುವುದೇ ಇಲ್ಲಿ. ಒಂದು ಫ್ಯೂಮ್ ಹುಡ್, ಅಂದರೆ ಪ್ರಯೋಗದ ಹೊಗೆಯನ್ನು ಹೊರಗೆ ಎಳೆಯುವ ಗೂಡು, ತೆಗೆದುಕೊಳ್ಳಿ. ಬಾಯಿ ಒಂದೂವರೆ ಮೀಟರ್ ಅಗಲ, ಅರ್ಧ ಮೀಟರ್ ತೆರೆದಿದೆ. ಹೊಗೆ ಹೊರಗೆ ಬರದಿರಲು ಸಾಮಾನ್ಯವಾಗಿ ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ಗಾಳಿ ಒಳಗೆ ಹೋಗಬೇಕು ಅನ್ನುತ್ತಾರೆ. ಲೆಕ್ಕ ಹಾಕಿದರೆ ಗಂಟೆಗೆ 1,350 ಘನ ಮೀಟರ್ ಗಾಳಿ. ಹತ್ತು ಮೀಟರ್ ಉದ್ದ, ಎಂಟು ಮೀಟರ್ ಅಗಲ, ನಾಲ್ಕು ಮೀಟರ್ ಎತ್ತರದ ಲ್ಯಾಬಿನಲ್ಲಿ ಇರುವುದೇ 320 ಘನ ಮೀಟರ್ ಗಾಳಿ. ನಾಲ್ಕು ಹುಡ್ ಇಟ್ಟರೆ ಇಡೀ ಕೋಣೆಯ ಗಾಳಿ ಗಂಟೆಗೆ ಸುಮಾರು 17 ಸಲ ಖಾಲಿಯಾಗುತ್ತದೆ. ಅಷ್ಟೇ ಗಾಳಿ ಎಲ್ಲಿಂದಾದರೂ ಒಳಗೆ ಬರಬೇಕು ಅಲ್ವಾ? ಕೋಣೆಗೆ ಎಸಿ ಇದ್ದರೆ ತಂಪು ಮಾಡಿದ ಗಾಳಿಯೆಲ್ಲ ತಾರಸಿಯಿಂದ ಹೊರಗೆ, ಬಿಲ್ಲು ಮೇಜಿನ ಮೇಲೆ.

ಈ ಗಾಳಿಗೆ ದಪ್ಪ ಡಕ್ಟ್, ಅಂದರೆ ಗಾಳಿ ಕೊಳವೆ ಬೇಕು. ಡಕ್ಟಿಗೆ ಬೀಮಿನ ಕೆಳಗೆ ಜಾಗ ಬೇಕು. ಹಾಗಾಗಿ ಮಹಡಿಯ ಎತ್ತರವನ್ನು ಟೇಪ್ ಹಿಡಿದು ಅಳೆಯಿರಿ. ನಾಲ್ಕು ಮೀಟರ್ ಹತ್ತಿರ ಇದ್ದರೆ ಆರಾಮ. ಮೂರು ಮೀಟರ್ ಆಸುಪಾಸಿದ್ದರೆ ಆ ಮಹಡಿಯಲ್ಲಿ ದೊಡ್ಡ ಕೆಮಿಸ್ಟ್ರಿ ಲ್ಯಾಬ್ ಮಾಡುವ ಆಸೆ ಬಿಡುವುದು ಒಳ್ಳೆಯದು. ತಮಾಷೆ ಅಂದರೆ, ನೂರು ವರ್ಷದ ಕಟ್ಟಡಗಳಲ್ಲಿ ಎತ್ತರಕ್ಕೆ ಬರವಿಲ್ಲ. ಬರ ಇರುವುದು ಉಳಿತಾಯದ ಕಾಲದ ಆರ್‌ಸಿಸಿ ಬ್ಲಾಕುಗಳಲ್ಲಿ.

ಮೂರನೆಯದು ಕರೆಂಟು, ಡ್ರೈನು. ಹೊಸ ಉಪಕರಣಗಳಿಗೆ ಬೇಕಾದ ಲೋಡ್, ಶುದ್ಧ ಅರ್ಥಿಂಗ್, ಆ್ಯಸಿಡ್ ತಡೆಯುವ ಪೈಪು, ಹೊರಗೆ ಆ್ಯಸಿಡ್ ನೀರನ್ನು ತಟಸ್ಥ ಮಾಡುವ ನ್ಯೂಟ್ರಲೈಸೇಶನ್ ತೊಟ್ಟಿ, ಗ್ಯಾಸ್ ಸಿಲಿಂಡರ್‌ಗಳಿಗೆ ಕಟ್ಟಡದಾಚೆ ಜಾಗ. ಲೋಡ್ ಜಾಸ್ತಿಯಾದರೆ ಟ್ರಾನ್ಸ್‌ಫಾರ್ಮರ್ ಖರ್ಚೂ ಸೇರುತ್ತದೆ. ಎಸ್ಟಿಮೇಟಿನಲ್ಲಿ ಮರೆತುಹೋಗುವುದು ಇದೇ.

ನಾಲ್ಕನೆಯದು, ಆಗಲೇ ಹೇಳಿದ ಹಾಗೆ, ಪ್ರಾಕ್ಟಿಕಲ್ ನಿಲ್ಲದೆ ನಡೆಯುತ್ತದಾ ಅನ್ನೋದು. ಥಿಯರಿ ಕ್ಲಾಸನ್ನು ಆಡಿಟೋರಿಯಂನಲ್ಲಿ ಮಾಡಬಹುದು. ಸಾಲ್ಟ್ ಅನಾಲಿಸಿಸ್ ಮಾಡಲಾಗುವುದಿಲ್ಲ.

ಐದನೆಯದು ದುಡ್ಡಿನ ಸ್ವಭಾವ. ಎಷ್ಟು ಅನ್ನುವುದಕ್ಕಿಂತ ಯಾವ ಬಾಬ್ತಿನದು ಅನ್ನುವುದು ಮುಖ್ಯ. ಉನ್ನತ ಶಿಕ್ಷಣಕ್ಕೆ ಕೇಂದ್ರ ಸರ್ಕಾರ ನಡೆಸಿದ ರೂಸಾ ಯೋಜನೆಯ ಮೂಲಸೌಕರ್ಯ ಅನುದಾನದಲ್ಲಿ ಹೊಸ ಕಟ್ಟಡಕ್ಕೆ ಶೇ. 35, ನವೀಕರಣಕ್ಕೆ ಶೇ. 35, ಉಪಕರಣಕ್ಕೆ ಶೇ. 30 ಅಂತ ಪಾಲು ಇತ್ತು. ಒಂದರ ದುಡ್ಡನ್ನು ಇನ್ನೊಂದಕ್ಕೆ ಹಾಕುವುದು ಸುಲಭವಲ್ಲ. 2023ರಿಂದ ಅದರ ಜಾಗದಲ್ಲಿ ಪಿಎಂ-ಉಷಾ ಬಂದಿದೆ. ನಿಮ್ಮ ಮಂಜೂರಾತಿ ಪತ್ರದಲ್ಲಿ ಯಾವ ಬಾಬ್ತಿಗೆ ಎಷ್ಟು ಅಂತ ಓದಿಯೇ ಮುಂದೆ ಹೋಗಿ. ಹಳೆ ವಿದ್ಯಾರ್ಥಿಗಳ ದುಡ್ಡಿಗೂ ಒಂದು ಸ್ವಭಾವವಿದೆ. ಅವರು ಹೆಸರು ಹಾಕಿಸಬಹುದಾದ ಹಾಲ್‌ಗೆ ಕೊಡುತ್ತಾರೆ, ಎಕ್ಸಾಸ್ಟ್ ಡಕ್ಟಿಗೆ ಕೊಡುವುದಿಲ್ಲ.

ಬರೀ ರಿಪೇರಿ

ಇದಕ್ಕೆ ಹೆಚ್ಚು ಮಾತು ಬೇಡ. ತಾರಸಿಗೆ ವಾಟರ್‌ಪ್ರೂಫಿಂಗ್, ವೈರಿಂಗ್, ಕಿಟಕಿ, ಬಣ್ಣ. ದುಡ್ಡು ಕಡಿಮೆ, ಎರಡು ಸೆಮಿಸ್ಟರ್ ನಡುವಿನ ರಜೆಯಲ್ಲಿ ಮುಗಿಸಬಹುದು, ಪ್ರಾಕ್ಟಿಕಲ್ ನಿಲ್ಲುವುದಿಲ್ಲ. ವರದಿಯಲ್ಲಿ ಕಟ್ಟಡ ಗಟ್ಟಿ ಅಂತ ಬಂದಿದ್ದು, ಲ್ಯಾಬ್‌ಗಳು ಹೆಚ್ಚಾಗಿ ಫಿಸಿಕ್ಸ್, ಗಣಿತ, ಕಂಪ್ಯೂಟರ್ ಆಗಿದ್ದರೆ ಇದೇ ಸರಿಯಾದ ಆಯ್ಕೆ. ಫಿಸಿಕ್ಸ್ ಪದವಿ ಲ್ಯಾಬಿಗೆ ಒಳ್ಳೆ ಬೆಳಕು, ಅಲುಗದ ಮೇಜು, ನೆಟ್ಟಗಿನ ವೈರಿಂಗ್ ಇದ್ದರೆ ಸಾಕು.

ಕೆಮಿಸ್ಟ್ರಿಗೆ ಮಾತ್ರ ಇದು ಮೋಸ. ಗೋಡೆ ಹೊಳೆಯುತ್ತದೆ, ಹೊಗೆ ಮೊದಲಿನ ಹಾಗೇ ಕಾರಿಡಾರಿಗೆ ಬರುತ್ತದೆ. ತುಕ್ಕು ಹಿಡಿದ ಕಂಬಿಯ ಮೇಲೆ ಪ್ಲಾಸ್ಟರ್ ಮಾಡಿದರೆ ಇನ್ನೂ ಕಷ್ಟ. ನೋಡಿ ತಿಳಿಯುವ ಎಚ್ಚರಿಕೆಯನ್ನೇ ಮುಚ್ಚಿಟ್ಟ ಹಾಗಾಯಿತು.

ಉಳಿಸಿಕೊಂಡು ಪೂರ್ತಿ ನವೀಕರಣ

1960-80ರ ಆರ್‌ಸಿಸಿ ಬ್ಲಾಕಿಗೆ, ಫ್ರೇಮ್ ಗಟ್ಟಿಯಿದ್ದು ಎತ್ತರವೂ ಇದ್ದರೆ, ನಾನು ಮೊದಲು ನೋಡುವುದು ಈ ದಾರಿಯನ್ನು. ದುರ್ಬಲ ಪಿಲ್ಲರ್‌ಗೆ ಸುತ್ತ ಹೊಸ ಕಾಂಕ್ರೀಟ್ ಜಾಕೆಟ್ ಹಾಕಬಹುದು, ಅಥವಾ ಫೈಬರ್ ಹಾಳೆ ಸುತ್ತಬಹುದು. ಹಳೆ ಆರ್‌ಸಿಸಿ ಕಟ್ಟಡವನ್ನು ಭೂಕಂಪಕ್ಕೆ ಹೇಗೆ ಅಳೆದು ಬಲಪಡಿಸಬೇಕು ಅಂತ ಐಎಸ್ 15988 ಅನ್ನುವ ಭಾರತೀಯ ಮಾನಕದ ಮಾರ್ಗಸೂಚಿಯೇ ಇದೆ. ಮೈಸೂರಿನವರಿಗೆ ಇದು ದೊಡ್ಡ ತಲೆನೋವಲ್ಲ. ಧಾರವಾಡ, ಮಂಗಳೂರಿನವರು ಸ್ವಲ್ಪ ಗಂಭೀರವಾಗಿ ತೆಗೆದುಕೊಳ್ಳಬೇಕು. 2016ರ ಭೂಕಂಪ ನಕ್ಷೆಯಲ್ಲಿ ಅವು ಮೂರನೇ ವಲಯದಲ್ಲಿವೆ.

ಗೋಡೆಯೊಳಗೆ ಪೈಪು, ಡಕ್ಟು ತುರುಕುವ ಬದಲು ಕಟ್ಟಡದ ಹಿಂಬದಿಗೆ ಹೊರಗಿನಿಂದ ಒಂದು ಶಾಫ್ಟ್ ಕಟ್ಟಿಸಿ. ಎಕ್ಸಾಸ್ಟ್, ಡ್ರೈನ್, ಕೇಬಲ್ ಎಲ್ಲ ಅದರಲ್ಲೇ ಹೋಗಲಿ. ಲಿಫ್ಟನ್ನೂ ಅಲ್ಲೇ ಕೊಡಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಬಂದ ಮೇಲೆ ರ್‍ಯಾಂಪ್, ಲಿಫ್ಟ್ ಬೇಕೋ ಬೇಡವೋ ಅಂತ ಚರ್ಚಿಸುವ ವಿಷಯವಲ್ಲ. ಶಾಫ್ಟ್ ಇದ್ದರೆ ಮುಂದೆ ಯಾವಾಗಲಾದರೂ ಪೈಪು ಕೆಟ್ಟಾಗ ಲ್ಯಾಬ್ ಮುಚ್ಚದೆ ರಿಪೇರಿ ಮಾಡಬಹುದು.

ತೊಂದರೆ ಇರುವುದು ಕಾಲದಲ್ಲಿ. ಇದನ್ನು ಹಂತ ಹಂತವಾಗಿ ಮಾಡಬೇಕು. ಕಟ್ಟಡದ ಒಂದು ಭಾಗ ಮುಚ್ಚಿ, ಇನ್ನೊಂದರಲ್ಲಿ ಡಬಲ್ ಬ್ಯಾಚ್ ನಡೆಸಬೇಕು. ಬೆಳಗ್ಗೆ ಎಂಟಕ್ಕೆ ಒಂದು ಬ್ಯಾಚ್, ಸಂಜೆ ಒಂದು ಬ್ಯಾಚ್. ಪಕ್ಕದಲ್ಲಿ ಡ್ರಿಲ್ ಓಡುವಾಗ ಅನಲಿಟಿಕಲ್ ಬ್ಯಾಲೆನ್ಸ್ ನೆಟ್ಟಗೆ ನಿಲ್ಲುವುದಿಲ್ಲ, ಸ್ಪೆಕ್ಟ್ರೋಮೀಟರಿಗೆ ಧೂಳು ಹೋಗುತ್ತದೆ. ಸಂಶೋಧನಾ ವಿದ್ಯಾರ್ಥಿಗಳ ಕೆಲಸ ತಿಂಗಳುಗಟ್ಟಲೆ ಕುಂಟುತ್ತದೆ. ಜೊತೆಗೆ, ಗೋಡೆ ಒಡೆದ ಮೇಲೆ ಹೊಸ ಹೊಸ ರೋಗ ಕಾಣಿಸುತ್ತದೆ. ಹಾಗಾಗಿ ಎಸ್ಟಿಮೇಟಿನ ಮೇಲೆ ಐದನೇ ಒಂದು ಭಾಗದಷ್ಟಾದರೂ ಬದಿಗಿಟ್ಟುಕೊಳ್ಳಿ. ಇಷ್ಟೆಲ್ಲ ಸೇರಿ ಖರ್ಚು ಹೊಸ ಕಟ್ಟಡದ ಮೂರನೇ ಎರಡು ಭಾಗ ದಾಟಿದರೆ ನನ್ನ ಮನಸ್ಸು ಬೇರೆ ದಾರಿಗೆ ವಾಲುತ್ತದೆ.

ಸುಣ್ಣದ ಕಟ್ಟಡದಲ್ಲಿ ಇದೇ ಕೆಲಸವನ್ನು ಮಾಡಿ ಆಧುನಿಕ ಕೆಮಿಸ್ಟ್ರಿ ಲ್ಯಾಬ್ ಕೂರಿಸುತ್ತೇವೆ ಅಂದರೆ ನಾನು ಬೇಡ ಅನ್ನುತ್ತೇನೆ. ಪ್ರತಿ ಡಕ್ಟಿಗೂ ತಾರಸಿ ಕೊರೆಯಬೇಕು, ಪ್ರತಿ ಪೈಪಿಗೂ ಭಾರ ಹೊರುವ ಗೋಡೆ ತೂತು ಮಾಡಬೇಕು. ನೀರು, ಆ್ಯಸಿಡ್ ಎರಡೂ ಸುಣ್ಣಕ್ಕೆ ಆಗಿಬರುವುದಿಲ್ಲ.

ಕೆಡವಿ ಕಟ್ಟುವುದು

ಲ್ಯಾಬ್ ದೃಷ್ಟಿಯಿಂದ ನೋಡಿದರೆ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಬೇಕಾದ ಎತ್ತರ, ಬೇಕಾದ ಲೋಡ್, ಲ್ಯಾಬಿಗೆ ಎರಡು ಬಾಗಿಲು, ಎನ್‌ಎಂಆರ್‌ನಂಥ ನಾಜೂಕು ಉಪಕರಣಕ್ಕೆ ನೆಲಮಹಡಿಯಲ್ಲಿ ಅಲುಗದ ಜಾಗ. ಎಲ್ಲವೂ ಮೊದಲಿನಿಂದಲೇ ಬರುತ್ತದೆ. ಕಾಂಕ್ರೀಟು ಕೆಟ್ಟಿದ್ದು ಎತ್ತರವೂ ಕಡಿಮೆಯಿದ್ದರೆ ಈ ದಾರಿಗೆ ಹಿಂಜರಿಯಬೇಡಿ. ಎಪ್ಪತ್ತರ ದಶಕದ ಎಲ್ಲ ಬ್ಲಾಕೂ ಪರಂಪರೆ ಆಗಬೇಕಿಲ್ಲ.

ಬೆಲೆ ತೆರಬೇಕಾದ್ದು ಬೇರೆ ಕಡೆ. ಕೆಡವಿದ ದಿನದಿಂದ ಹೊಸದರ ಬೀಗ ಸಿಗುವವರೆಗೆ ಲ್ಯಾಬ್ ಇಲ್ಲ. ಟೆಂಡರ್, ಮರ ಕಡಿಯಲು ಅನುಮತಿ, ಎರಡನೇ ಕಂತು ತಡ, ಕಂಟ್ರಾಕ್ಟರ್ ಜೊತೆ ಜಗಳ ಎಲ್ಲ ಸೇರಿದರೆ ಪದವಿಯ ಒಂದಿಡೀ ಬ್ಯಾಚು ಸರಿಯಾದ ಪ್ರಾಕ್ಟಿಕಲ್ ಇಲ್ಲದೆ ಹೊರಗೆ ಹೋಗಬಹುದು. ತಾತ್ಕಾಲಿಕ ಲ್ಯಾಬಿಗೆ ಜಾಗ ಮತ್ತು ದುಡ್ಡು ಎರಡನ್ನೂ ಕಾಗದದಲ್ಲಿ ತೋರಿಸದೆ ಕೆಡವಲು ಒಪ್ಪಬೇಡಿ. ಅರ್ಧ ದುಡ್ಡಷ್ಟೇ ಕೈಯಲ್ಲಿದ್ದರೆ ಖಂಡಿತ ಬೇಡ. ಪಿಲ್ಲರ್ ಎದ್ದು ಅಲ್ಲಿಗೇ ನಿಂತುಹೋದ ಕಟ್ಟಡಗಳು ನಮ್ಮ ಕ್ಯಾಂಪಸ್ಸುಗಳಲ್ಲಿ ಕಮ್ಮಿ ಇಲ್ಲ.

ಪರಂಪರೆಯ ಕಟ್ಟಡವಾದರೆ ಇನ್ನೊಂದು ಲೆಕ್ಕ ಸೇರುತ್ತದೆ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತಿದ್ದು 2012ರಲ್ಲಿ. ಉಳಿಸಬೇಕೋ ಕೆಡವಬೇಕೋ ಅನ್ನುವ ವಾದ ಹತ್ತು ವರ್ಷ ದಾಟಿ, ಹೈಕೋರ್ಟಿನವರೆಗೂ ಹೋಯಿತು. ಅದು ಅಂಗಡಿಗಳ ಕಟ್ಟಡ. ಕಾಲೇಜು ಅಷ್ಟು ವರ್ಷ ಕಾಯಲಾರದು.

ಪಕ್ಕದಲ್ಲಿ ಹೊಸ ಬ್ಲಾಕ್, ಹಳೆಯದಕ್ಕೆ ಹಗುರ ಕೆಲಸ

ಸುಣ್ಣದ ಕಟ್ಟಡ ಇರುವವರಿಗೆ ನನ್ನ ಉತ್ತರ ಹೆಚ್ಚಾಗಿ ಇದೇ. ನೀರು, ಆ್ಯಸಿಡ್, ಗ್ಯಾಸ್, ಹೊಗೆ ಬೇಕಾದ ಲ್ಯಾಬ್‌ಗಳನ್ನಷ್ಟೇ ಹೊಸ ಬ್ಲಾಕಿಗೆ ಕಳಿಸಿ. ಕೆಮಿಸ್ಟ್ರಿ, ಬಯೋಕೆಮಿಸ್ಟ್ರಿ, ಮೈಕ್ರೋಬಯಾಲಜಿ. ಹೊಸದು ದೊಡ್ಡದಾಗಬೇಕಿಲ್ಲ, ಎರಡು ಮಹಡಿ ಸಾಕಾಗಬಹುದು. ಅದು ಮುಗಿಯುವವರೆಗೆ ಪ್ರಾಕ್ಟಿಕಲ್ ಹಳೆಯದರಲ್ಲೇ ನಡೆಯುತ್ತದೆ, ವರದಿ ಅದಕ್ಕೆ ಒಪ್ಪಿಗೆ ಕೊಟ್ಟರೆ. ಆಮೇಲೆ ಹಳೆಯದನ್ನು ಖಾಲಿ ಮಾಡಿ ನಿಧಾನವಾಗಿ ಸುಣ್ಣದ ಕೆಲಸ ಗೊತ್ತಿರುವವರಿಂದ ಸರಿಮಾಡಿಸಬಹುದು. ಅನುದಾನವೂ ಹೊಸದಕ್ಕಿಷ್ಟು, ನವೀಕರಣಕ್ಕಿಷ್ಟು ಅಂತ ಒಡೆದುಕೊಂಡು ಬಂದಿದ್ದರೆ ಈ ದಾರಿಗೆ ಸರಿಹೊಂದುತ್ತದೆ.

ಹಳೆಯದರಲ್ಲಿ ಏನಿಡಬೇಕು? ಇಲ್ಲೇ ಎಲ್ಲರೂ ಎಡವುವುದು. "ಲೈಬ್ರರಿ ಮಾಡೋಣ" ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಭಾರದ ಲೆಕ್ಕ ನೋಡಿ. ಕಟ್ಟಡದ ಭಾರದ ಮಾನಕ ಐಎಸ್ 875ರ ಪ್ರಕಾರ ಕ್ಲಾಸ್‌ರೂಮಿಗೆ ಚದರ ಮೀಟರಿಗೆ 3 ಕಿಲೋನ್ಯೂಟನ್, ಅಂದರೆ ಸುಮಾರು 300 ಕೆಜಿ ಭಾರ ಹಿಡಿಯುತ್ತಾರೆ. ಪುಸ್ತಕದ ಕಪಾಟುಗಳ ಕೋಣೆಗೆ ಕನಿಷ್ಠ 6, ಕಪಾಟು ಎತ್ತರವಾದಷ್ಟೂ ಇನ್ನೂ ಜಾಸ್ತಿ. ಮೇಲಿನ ಮಹಡಿಯ ತೇಗದ ಜಂತಿಗಳ ಮೇಲೆ ಪುಸ್ತಕದ ರ್‍ಯಾಕ್ ಸಾಲಾಗಿ ಇಡುವುದು ಲ್ಯಾಬಿಗಿಂತ ಅಪಾಯ. ಓದುವ ಕೋಣೆ, ಕ್ಲಾಸ್‌ರೂಮು, ಮೇಷ್ಟ್ರ ಕೋಣೆಗಳು, ಗಣಿತ ವಿಭಾಗ, ಕಂಪ್ಯೂಟರ್ ಲ್ಯಾಬ್ ಆಗಬಹುದು. ದಪ್ಪ ಗೋಡೆ, ಎತ್ತರದ ಸೂರು ಇರುವುದರಿಂದ ಏಪ್ರಿಲ್‌ನಲ್ಲೂ ಫ್ಯಾನ್ ಸಾಕು.

ಹಳೆ ವಿದ್ಯಾರ್ಥಿಗಳ ದುಡ್ಡು ಕೆಲಸಕ್ಕೆ ಬರುವುದೂ ಇಲ್ಲೇ. 1928ರ ಮಾರ್ಚ್ 16ರಂದು ಸಿ.ವಿ. ರಾಮನ್ ತಾವು ಕಂಡ ಹೊಸ ವಿಕಿರಣದ ಬಗ್ಗೆ ಬೆಂಗಳೂರಿನಲ್ಲಿ ಉಪನ್ಯಾಸ ಕೊಟ್ಟರು. ಸೆಂಟ್ರಲ್ ಕಾಲೇಜಿನ ಸೈನ್ಸ್ ಕ್ಲಬ್ ಆ ಸಭೆಯಲ್ಲಿ ಪಾಲುದಾರ. ಇಂಥ ಕಥೆ ಇರುವ ಕಾಲೇಜಿನಲ್ಲಿ ಹಳೆ ಗ್ಯಾಲರಿ ಕ್ಲಾಸನ್ನು ಚೆನ್ನಾಗಿ ಉಳಿಸುತ್ತೇವೆ ಅಂದರೆ ಕೊಡುವವರು ಸಿಗುತ್ತಾರೆ. ಸರ್ಕಾರದ ದುಡ್ಡು ಹೊಸ ಬ್ಲಾಕಿನ ಡಕ್ಟಿಗೆ ಹೋಗಲಿ.

ಕೊರತೆಗಳೂ ಇವೆ. ಎರಡು ಕಟ್ಟಡ ಅಂದರೆ ಎರಡರಷ್ಟು ನಿರ್ವಹಣೆ. ಕ್ಯಾಂಪಸ್ಸಿನಲ್ಲಿ ಜಾಗ ಬೇಕು, ಊರ ನಡುವಿನ ಕಾಲೇಜಿಗೆ ಅದೇ ಇರುವುದಿಲ್ಲ. ಆಟದ ಮೈದಾನದ ಮೂಲೆ ತಿನ್ನುವ ಯೋಚನೆ ಬಂದರೆ ಮೂರನೇ ದಾರಿಯನ್ನು ಮತ್ತೊಮ್ಮೆ ನೋಡಿ. ಇನ್ನೊಂದು ಭಯವೂ ನಿಜ. ಹೊಸದು ಮುಗಿದ ಮೇಲೆ ಹಳೆಯದನ್ನು ಎಲ್ಲರೂ ಮರೆಯುತ್ತಾರೆ. ಬೀಗ ಹಾಕಿದ ಸುಣ್ಣದ ಕಟ್ಟಡ ಮೂರ್ನಾಲ್ಕು ಮಳೆಗಾಲದಲ್ಲಿ ಗುಜರಿಯಾಗುತ್ತದೆ. ಹಳೆಯದರ ತಾರಸಿ ಕೆಲಸವನ್ನು ಹೊಸ ಬ್ಲಾಕಿಗಿಂತ ಮೊದಲೇ ಟೆಂಡರ್ ಮಾಡಿಸಿದರೆ ಈ ಭಯ ಅರ್ಧ ಕಮ್ಮಿ.

ಯಾವ ದಾರಿಯಾದರೂ ಖಾಲಿ ಮಾಡುವಾಗ ಹುಷಾರು

2010ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಕೆಮಿಸ್ಟ್ರಿ ವಿಭಾಗ, ವರ್ಷಗಟ್ಟಲೆ ಬಳಸದೆ ಬಿಟ್ಟಿದ್ದ ಗಾಮಾ ಯಂತ್ರವನ್ನು ಹರಾಜಿನಲ್ಲಿ ಮಾರಿತು. ಒಳಗೆ ವಿಕಿರಣ ಸೂಸುವ ಕೋಬಾಲ್ಟ್-60 ಇತ್ತು. ದೆಹಲಿಯ ಮಾಯಾಪುರಿಯ ಗುಜರಿ ಅಂಗಡಿಯಲ್ಲಿ ಅದನ್ನು ಒಡೆದರು. ಒಬ್ಬರು ಸತ್ತರು, ಹಲವರು ಆಸ್ಪತ್ರೆ ಸೇರಿದರು. ನಮ್ಮ ಸ್ಟೋರ್‌ರೂಮುಗಳಲ್ಲೂ ಲೇಬಲ್ ಅಳಿಸಿಹೋದ ಬಾಟಲಿ, ಒಣಗಿದರೆ ಸಿಡಿಯಬಲ್ಲ ಹಳೆ ಪಿಕ್ರಿಕ್ ಆ್ಯಸಿಡ್, ನೆಲದ ಬಿರುಕಿನಲ್ಲಿ ಬ್ಯಾರೋಮೀಟರಿನ ಪಾದರಸ ಇರಬಹುದು. ವಿಕಿರಣದ ವಸ್ತು ಏನಿದ್ದರೂ ಅಣುಶಕ್ತಿ ನಿಯಂತ್ರಣ ಮಂಡಳಿಗೆ (ಎಇಆರ್‌ಬಿ) ತಿಳಿಸದೆ ಅಲುಗಿಸಬಾರದು. ಈ ಪಟ್ಟಿ ಮಾಡಲು ಇನ್ನೂ ಕೆಲಸದಲ್ಲಿರುವ ಅಥವಾ ನಿವೃತ್ತರಾದ ಲ್ಯಾಬ್ ಅಟೆಂಡರನ್ನು ಕರೆಯಿರಿ. ಯಾವ ಬೀರುವಿನಲ್ಲಿ ಏನಿದೆ ಅಂತ ಅವರಿಗೆ ಗೊತ್ತಿರುವಷ್ಟು ಸ್ಟಾಕ್ ರಿಜಿಸ್ಟರಿಗೂ ಗೊತ್ತಿರುವುದಿಲ್ಲ.

ದಾರಿ ಆಯ್ದು ಟೆಂಡರ್ ಬರೆಯುವಾಗ ಒಂದು ಷರತ್ತು ಮರೆಯದೆ ಸೇರಿಸಿ. ಎಲ್ಲ ಫ್ಯೂಮ್ ಹುಡ್‌ಗಳನ್ನೂ ಒಟ್ಟಿಗೆ ಚಾಲೂ ಮಾಡಿ, ಪ್ರತಿಯೊಂದರ ಬಾಯಲ್ಲೂ ಅನಿಮೋಮೀಟರ್ ಹಿಡಿದು ಗಾಳಿಯ ವೇಗ ಅಳೆಯಬೇಕು. ಹೊಗೆ ಬಿಟ್ಟು ನೋಡಬೇಕು. ವಿಭಾಗದ ಮುಖ್ಯಸ್ಥರು ಎದುರಿಗೆ ನಿಂತು ಸಹಿ ಹಾಕಿದ ಮೇಲೆಯೇ ಕಂಟ್ರಾಕ್ಟರಿಗೆ ಕೊನೆ ಕಂತು. ಒಂದೊಂದೇ ಹುಡ್ ಹಾಕಿ ತೋರಿಸುತ್ತೇವೆ ಅಂದರೆ ಒಪ್ಪಬೇಡಿ. ಒಂದೊಂದೇ ಹಾಕಿದರೆ ಎಲ್ಲವೂ ಚೆನ್ನಾಗಿಯೇ ಎಳೆಯುತ್ತವೆ.